ಒಲವು ಬದಲಿಸುವ ಮತದಾರ

ಚುನಾವಣೆಯಲ್ಲಿ ಸೋಲುಗೆಲವುಗಳು ಎಷ್ಟೋ ವೇಳೆ ಪಕ್ಷನಿಷ್ಠರಿಂದಲ್ಲ, ಒಮ್ಮೆ ಇತ್ತ, ಒಮ್ಮೆ ಅತ್ತ ಒಲಿಯುವವರಿಂದ ನಿರ್ಣಯವಾಗುತ್ತವೆ. ಅಂಥವರನ್ನು ಚಂಚಲಚಿತ್ತರೆಂದು ಹಳಿಯುವುದು ರೂಢಿ. ಈ ನಿಂದೆಯು ನ್ಯಾಯವೇ ಎಂಬುದು ವಿಚಾರಮಾಡತಕ್ಕ ಸಂಗತಿ.

ಹಳಿಯುವವರಿಗೂ ಆಧಾರವಿಲ್ಲದಿಲ್ಲ. 1940ರ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ ಅಮೆರಿಕದ ಒಹಾಯೋ ಸಂಸ್ಥಾನದ ಈರಿ ಜಿಲ್ಲೆಯಲ್ಲಿ ಲಾಜರ್ಸ್‌ಫೆಲ್ಡರೂ ಅವರ ಸಂಗಡಿಗರೂ ಅವೇ ಮತದಾರರನ್ನು ತಿಂಗಳು ತಿಂಗಳೂ ಕಂಡು ಪ್ರಶ್ನಿಸಿದರು. ಮನಸ್ಸು ಬದಲಿಸಿದವರಲ್ಲಿ ಹೆಚ್ಚಿನವರು ರಾಜಕೀಯದಲ್ಲಿ ಆಸಕ್ತಿ ಕಡಮೆಯಾದವರು, ಪರಿಚಿತರ ಮಾತಿಗೆ ಮಣಿಯುವವರು ಎಂದು ಅವರು ಕಂಡರು. ಆದರೆ 1966ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ವಿ. ಒ. ಕೀ ಎಂಬ ಪಂಡಿತರು ಇದಕ್ಕೆ ಬೇರೆಯಾದ ಪಕ್ಷವನ್ನು ಹಿಡಿದರು: ಬದಲಿಸಿದವರು ಬಹುಮಟ್ಟಿಗೆ ಆಳುವವರ ಕಾರ್ಯವನ್ನು ತೂಗಿ ನೋಡಿಯೇ ಬದಲಿಸಿದರು, ಮತದಾರರು ಮೂಢರಲ್ಲ.

ನಮ್ಮ ನಾಡಿನ ಒಂದು ನಿದರ್ಶನವನ್ನು ನೋಡೋಣ. ಇಂದಿರಾ ಗಾಂಧಿಯವರ ಹತ್ಯೆಯಾದ ಎರಡು ತಿಂಗಳೊಳಗೆ, 1984ರ ಡಿಸೆಂಬರಿನಲ್ಲಿ, ಕರ್ನಾಟಕದ ಜನರು ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಒಪ್ಪಿಸಿದರು. ಆಗ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು ಆ ಸೋಲಿನ ಹೊಣೆಹೊತ್ತು ರಾಜೀನಾಮೆಯಿತ್ತು ಮತ್ತೆ ಜನರ ತೀರ್ಪನ್ನು ಬೇಡಿದರು. 1985ರ ಮಾರ್ಚಿನಲ್ಲಿ ಅದೇ ಜನರು ಅವರ ಜನತಾ ಪಕ್ಷಕ್ಕೆ ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಕೊಟ್ಟರು. ಇದು ಚಾಂಚಲ್ಯವೇ? ದೆಹಲಿಯನ್ನು ಯಾರು ಆಳಬೇಕು, ಬೆಂಗಳೂರನ್ನು ಯಾರು ಆಳಬೇಕು ಎಂಬವು ಎರಡು ಬೇರೆ ಪ್ರಶ್ನೆಗಳು. ಎರಡು ಪ್ರಶ್ನೆಗಳಿಗೆ ಎರಡು ಉತ್ತರಗಳನ್ನು ಕೊಟ್ಟವನನ್ನು ಸ್ಥೈರ್ಯವಿಲ್ಲದವನೆನ್ನಲಾಗದು.

ಹಾಗೆಂದು ಬದಲಿಸುವುದೇ ಗುಣವಲ್ಲ. ಸೀರೆಗೋ ಹಣಕ್ಕೋ ಒಲವನ್ನು ಮಾರುವವನೂ ಬದಲಿಸುತ್ತಾನೆ. ತನ್ನ ಜಾತಿಯವನೆಂಬ ಒಂದೇ ಕಾರಣದಿಂದ ಎಂದೂ ಬದಲಿಸದವನೂ ಇದ್ದಾನೆ. ಇಬ್ಬರೂ ಉಮೇದುವಾರನನ್ನು ವಿಮರ್ಶಿಸಲಿಲ್ಲ. ಆದುದರಿಂದ ಇಬ್ಬರ ದೋಷವೂ ಒಂದೇ. ನಮ್ಮ ಮತವು ಹೇಗಿದ್ದರೂ ತನ್ನದೇ ಎಂದು ತಿಳಿದ ಪಕ್ಷಕ್ಕೆ ನಮ್ಮ ಭಯವಿರುವುದಿಲ್ಲ. ಬೆಲೆಕೊಟ್ಟು ಕೊಂಡ ಪಕ್ಷಕ್ಕೆ ನಮ್ಮ ಋಣವಿರುವುದಿಲ್ಲ.

ಮತವು ಗುಪ್ತವಾದುದರಿಂದ ಒಡೆಯನಿಗಾಗಲಿ ನಂಟನಿಗಾಗಲಿ ನಾವು ಕಾರಣ ಹೇಳಬೇಕಾಗಿಲ್ಲ. ಆದರೆ ಅಂತಃಸಾಕ್ಷಿಗೆ ಹೇಳದೆ ಗತ್ಯಂತರವಿಲ್ಲ. ಯಾವ ದೋಷಕ್ಕಾಗಿ ಇವನನ್ನು ಬಿಟ್ಟೆನೋ, ಅದೇ ದೋಷವು ನನ್ನವನಲ್ಲಿ ಕಂಡಾಗ ಅವನನ್ನೂ ಬಿಡಬಲ್ಲೆನೇ? ಬಲ್ಲೆನೆನ್ನುವವನು ಎಷ್ಟು ಸಲ ಪಕ್ಷ ಬದಲಿಸಿದರೂ ಚಂಚಲನಲ್ಲ. ಅವನ ಅಳತೆಗೋಲು ಬದಲಾಗಿಲ್ಲ.