ಭಾರ ಬಿದ್ದಾಗ

ಅತ್ತೆಯವರೊಡನೆ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗಿದ್ದೆ. ನಾಡು ಕಳೆದುಕೊಂಡು ಬಂದವರಿಗಾಗಿ 1966ರಲ್ಲಿ ಎದ್ದ ಊರು ಅದು. ಹೊರಡುವಾಗ ನಮ್ಮ ಹಳೆಯ ಕಾರು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಲಾಮಾಗಳಿಬ್ಬರು ತಳ್ಳಿ ಚಾಲೂ ಮಾಡಿಕೊಟ್ಟರು.

ಪೇಟೆಯ ಬ್ಯಾಟರಿ ಅಂಗಡಿಯವ ಮೀಟರು ಹಿಡಿದ. ಸುಮ್ಮನಿದ್ದಾಗ 12.4 ವೋಲ್ಟ್ ತೋರಿಸಿದ್ದು, ಸ್ಟಾರ್ಟ್ ಮಾಡಹೋದರೆ 8ಕ್ಕೆ ಕುಸಿಯಿತು.

"ಭಾರ ಬಿದ್ದಾಗಲೇ ತಿಳೀತೈತ್ರಿ ಅಕ್ಕಾರ" ಎಂದ.

ಹೊಸದರಲ್ಲಿ ಅಗ್ಗದ್ದನ್ನು ತೋರಿಸಿದೆ. ಅದು ತಯಾರಾಗಿ ವರ್ಷ ದಾಟಿದೆ, ಇಟ್ಟಲ್ಲೇ ಸೊರಗಿರುತ್ತದೆ, ಬೇಡ ಎಂದು ಅವನೇ ತಡೆದ. ಕಾರಿಗೆ ಹೇಳಿದ ಅಳತೆಯದನ್ನೇ ಕೂರಿಸಿ, ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿದೆಯೇ ಎಂದೂ ನೋಡಿದ. ಹಳೇ ಸರಕನ್ನೇ ಮಾರಿದ್ದರೆ ನನಗೇನು ತಿಳಿಯುತ್ತಿತ್ತು?

ಸವೆದ ಬ್ಯಾಟರಿಯನ್ನು ಮಾರುವವರೇ ಮರಳಿ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. ಆದರೆ ಹೊರಗಿದ್ದ ಗುಜರಿಯವ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇನೆಂದ. ಅದನ್ನು ಬಯಲಲ್ಲಿ ಒಡೆದರೆ ಆಮ್ಲ ಹಳ್ಳಕ್ಕೆ, ಸೀಸ ಯಾರದೋ ಮಕ್ಕಳ ಮೈಗೆ. ಗೊತ್ತಿದ್ದೂ ಒಂದು ಗಳಿಗೆ ಕುಸಿದೆ, ಸುಳ್ಳೇಕೆ ಹೇಳಲಿ?

ನಂಬಿಕಸ್ಥ ಬ್ಯಾಟರಿ ಹುಡುಕಿ ಬಂದವಳು ನಾನು. ನನ್ನ ಮೇಲೆ ಬಿದ್ದ ಭಾರ ಬರೀ ಇನ್ನೂರು ರೂಪಾಯಿಯದು. ಹಳೆಯದನ್ನು ಅಂಗಡಿಯವನಿಗೇ ಒಪ್ಪಿಸಿ ಹೊರಬಂದೆ. ಅತ್ತೆ ಏನೂ ಕೇಳಲಿಲ್ಲ.