ಟಿಕೆಟ್ಟೋ, ಭಿಕ್ಷೆಯೋ?

ಕಳೆದ ಚಳಿಗಾಲದಲ್ಲಿ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಮೂರೂ ಊರುಗಳಿಗೆ ಬಂದಿದ್ದ ಭಾರತೀಯ ಜಾನಪದ ಉತ್ಸವವನ್ನು ನಮ್ಮ ಸಂಘದ ಅನೇಕ ಕುಟುಂಬಗಳು ನೋಡಿದ್ದೀರಿ. ರಾಜಸ್ಥಾನದ ಬೊಂಬೆಯಾಟ, ಪಂಜಾಬಿನ ಭಾಂಗ್ಡಾ, ನಮ್ಮ ಡೊಳ್ಳು, ಕಂಸಾಳೆ ಹೇಗಿದ್ದವು ಎಂದು ಮತ್ತೆ ವರದಿ ಒಪ್ಪಿಸುವ ಉದ್ದೇಶ ನಮಗಿಲ್ಲ. ಸಮೋಸ ಬೇಗ ಮುಗಿದುಹೋಯಿತೆಂಬ ದೂರನ್ನೂ ಇಲ್ಲಿ ಎತ್ತುವುದಿಲ್ಲ. ಆ ತಂಡದ ನಾಲ್ವರು ಕಂಸಾಳೆಯವರು ಐದು ದಿನ ನಮ್ಮ ಮನೆಯಲ್ಲಿದ್ದರು. ಅವರು ಹೋದರೂ ಹೋಗದೆ ಉಳಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡೋಣವೆನಿಸಿತು.

ಮಕ್ಕಳಿಗೆ ಓದಿ ಹೇಳುವವರಿಗಾಗಿ ಎರಡು ಮಾತು. ಕಂಸಾಳೆ ಎಂದರೆ ಕಂಚಿನ ಜೋಡಿ ತಾಳ. ಬಟ್ಟಲಿನಂಥದ್ದು ಎಡಗೈಯಲ್ಲಿ, ಗೊಂಡೆ ಕಟ್ಟಿದ ಚಪ್ಪಟೆ ಬಿಲ್ಲೆ ಬಲಗೈಯಲ್ಲಿ. ಅದನ್ನು ಹಿಡಿಯುವವರು ಮಲೆ ಮಹದೇಶ್ವರನಿಗೆ ಹರಕೆ ಹೊತ್ತು, ಗುರುವಿನಿಂದ ದೀಕ್ಷೆ ಪಡೆದ ದೇವರಗುಡ್ಡರು. ನಾವು ವೇದಿಕೆಯ ಮೇಲೆ ನೋಡಿದ್ದು ಕುಣಿತದ ಬೀಸು ಕಂಸಾಳೆ, ಅದೂ ಹನ್ನೆರಡೇ ನಿಮಿಷ. ಅದರ ಹಿಂದಿನ ಹಾಡು ರಾತ್ರಿಗಟ್ಟಲೆ ನಡೆಯುವಂಥದು. ಪಿ.ಕೆ. ರಾಜಶೇಖರ ಅವರು ಅದನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದಾಗ ದೊಡ್ಡ ಗ್ರಂಥವೇ ಆಯಿತು. ಆ ಕಾವ್ಯದಲ್ಲಿ ಮಾದಪ್ಪನೇ ಜೋಳಿಗೆ ಹಾಕಿಕೊಂಡು ಬಾಗಿಲಿಗೆ ಬರುತ್ತಾನೆ. ಇಲ್ಲವೆಂದ ಬೇವಿನಹಟ್ಟಿ ಕಾಳಮ್ಮನ ಸಿರಿ ಉಳಿಯುವುದಿಲ್ಲ. ಹೀಗಾಗಿ ಗುಡ್ಡರಿಗೆ ಭಿಕ್ಷೆಯೆಂದರೆ ಬರೀ ಹೊಟ್ಟೆಪಾಡಲ್ಲ, ವ್ರತ.

ಕೊಳ್ಳೇಗಾಲದ ಕಡೆಯ ನಮ್ಮ ಬಾಲ್ಯದ ಮನೆಗೂ ಅವರು ಬರುತ್ತಿದ್ದರು. ಕಂಸಾಳೆಯ ಸದ್ದು ಬೀದಿ ತುದಿಯಲ್ಲಿ ಕೇಳಿದ ಕೂಡಲೇ ಅಜ್ಜಿ ಮೊರದಲ್ಲಿ ರಾಗಿ ತುಂಬಿಕೊಂಡು ಸಿದ್ಧರಾಗುತ್ತಿದ್ದರು. ಒಂದು ದಿನವೂ ಬರಿಗೈಲಿ ಕಳಿಸಿದವರಲ್ಲ. ಆದರೆ ಅವನು ನಿಲ್ಲಬೇಕಾದದ್ದು ಜಗುಲಿಯ ಕೆಳಗೆ. ಅಜ್ಜಿ ರಾಗಿಯನ್ನು ಒಂದೂವರೆ ಅಡಿ ಮೇಲಿನಿಂದ ಜೋಳಿಗೆಗೆ ಸುರಿಯುತ್ತಿದ್ದರು, ಜೋಳಿಗೆ ಮೊರಕ್ಕೆ ತಗುಲದಂತೆ. ಆಮೇಲೆ ಅವನ ಹರಕೆಗೆ ಕಣ್ಣುಮುಚ್ಚಿ ಕೈ ಮುಗಿಯುತ್ತಿದ್ದರು. ಅದರಲ್ಲಿ ವಿಚಿತ್ರವೇನೂ ಆಗ ನಮಗೆ ಕಂಡಿರಲಿಲ್ಲ.

ಡಲ್ಲಾಸಿನ ಭಾನುವಾರದ ಕಾರ್ಯಕ್ರಮ ಮುಗಿಸಿ ಮನೆಗೆ ಬಂದಾಗ ರಾತ್ರಿ ಹತ್ತು ದಾಟಿತ್ತು. ತಂಡದ ಹಿರಿಯ, ನಮಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಚಪ್ಪಲಿ ಬಿಟ್ಟಲ್ಲೇ ನಿಂತುಬಿಟ್ಟರು. "ಎಲ್ಲಿ ಕೂರನ ಬುದ್ಧಿ?" ಅಂದರು. ಆ 'ಬುದ್ಧಿ' ಕೇಳಿ ನಮಗೆ ಮುಖ ಎತ್ತಲಾಗಲಿಲ್ಲ. ಊಟದ ಮೇಜಿಗೇ ಕೂರಿಸಿದೆವು. ನಮ್ಮ ಮನೆಯವರು ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಊಟವಾದ ಮೇಲೆ ಬಲ ಭುಜ ಎತ್ತಲು ಆಗುತ್ತಿಲ್ಲವೆಂದರು. ನಲವತ್ತು ವರ್ಷ ಕಂಸಾಳೆ ಬೀಸಿದ ಭುಜ. ಅಂಗಿ ತೆಗೆಸಿ, ತೋಳು ತಿರುಗಿಸಿ ನೋಡಿ, ಐಸ್ ಇಟ್ಟು, ಆಸ್ಟಿನ್‌ನಲ್ಲಿ ಅರ್ಧ ಕುಣಿದರೆ ಸಾಕೆಂದೆವು. ಒಂದು ಲಕೋಟೆಯಲ್ಲಿ ನೂರು ಡಾಲರ್ ಇಟ್ಟು ಕೊಟ್ಟಾಗ ಸಂಕೋಚವಿಲ್ಲದೆ ತೆಗೆದುಕೊಂಡರು. ಲೆಕ್ಕ ಚುಕ್ತಾ ಆಯಿತೆಂದು ನೆಮ್ಮದಿಯಾಗಿ ಮಲಗಿದೆವು.

ಸೋಮವಾರ ಬೆಳಗ್ಗೆ ಆರೂವರೆಗೆ ಮುಂಬಾಗಿಲ ಹೊರಗೆ ತಾಳದ ಸಣ್ಣ ಸದ್ದು. ಬಾಗಿಲು ಹಾಕಿಕೊಂಡು ಹೊರಗೇ ಸಿಕ್ಕಿಹಾಕಿಕೊಂಡರೇನೋ ಎಂದು ಓಡಿಹೋಗಿ ತೆಗೆದರೆ, ಆ ಚಳಿಯಲ್ಲಿ ಬರಿಗಾಲಲ್ಲಿ, ಹೆಗಲಿಗೆ ಜೋಳಿಗೆ ಹಾಕಿ ನಿಂತಿದ್ದಾರೆ. ಒಳಗೆ ಬನ್ನಿ ಅಂದರೆ ತಲೆಯಾಡಿಸಿದರು. "ಇವತ್ತು ಸ್ವಾಮಾರ. ಒಂದು ಮನೇಲಾದ್ರೂ ಭಿಕ್ಸ ಎತ್ಬೇಕು. ಇಲ್ಲಿ ನಿಮ್ಮನೆ ಬುಟ್ರೆ ನಮ್ಗೆ ಯಾವ್ ಮನೆ ಗೊತ್ತು?" ಅಂದರು. ರಾತ್ರಿ ಕೊಟ್ಟೆವಲ್ಲ ಎಂದು ಬಾಯಿತಪ್ಪಿ ಅಂದೆವು. "ಅದು ಕೂಲಿ ಬುದ್ಧಿ. ಭಿಕ್ಸ ಅಲ್ಲ."

ಮೊರ ಎಲ್ಲಿಂದ ತರುವುದು? ಸ್ಟೀಲ್ ತಟ್ಟೆಯಲ್ಲಿ ಸೋನಾ ಮಸೂರಿ ತುಂಬಿ ತಂದು ಹಾಕಿದೆವು. ಹಾಕುವಾಗಲೇ ನಮ್ಮ ಕೈ ನಮ್ಮ ಕಣ್ಣಿಗೆ ಬಿದ್ದದ್ದು. ಅಕ್ಕಿ ಒಂದೂವರೆ ಅಡಿ ಮೇಲಿನಿಂದ ಬೀಳುತ್ತಿತ್ತು. ಇಪ್ಪತ್ತೈದು ವರ್ಷದಿಂದ ದಿನವೂ ಯಾರ್‍ಯಾರದೋ ಮೈ ಮುಟ್ಟಿ ಅನ್ನ ತಿನ್ನುವ ಕೈ ಅದು, ಹಿಂದಿನ ರಾತ್ರಿ ಅದೇ ಮನುಷ್ಯನ ಭುಜ ಹಿಡಿದು ನೋಡಿದ ಕೈ. ಡಾಕ್ಟರಾಗಿ ಮುಟ್ಟಿದ್ದೆವು. ಮನೆಯ ಯಜಮಾನನಾಗಿ ಹೊಸಿಲಿನ ಮೇಲೆ ನಿಂತ ಕೂಡಲೇ ಅಜ್ಜಿಯ ಕೈ ಬಂದು ಕೂತಿತ್ತು. ಅವರು ನೋಡಿದರೋ ಇಲ್ಲವೋ, ಏನೂ ಅನ್ನಲಿಲ್ಲ. ಹೆಬ್ಬೆರಳಿನಿಂದ ನಮ್ಮ ಹಣೆಗೆ ವಿಭೂತಿ ಒತ್ತಿದರು.

ಶುಕ್ರವಾರ ಆಸ್ಟಿನ್‌ಗೆ ಹೋಗುವಾಗ ಐ-35ರ ವಾಹನ ಸಂದಣಿಯಲ್ಲಿ ಈ ಕಥೆಯನ್ನು ಜೊತೆಗಿದ್ದ ಮಿತ್ರರಿಗೆ ಹೇಳಿದೆವು. ಅವರು ನೇರ ಮಾತಿನವರು. "ಅದಕ್ಕೇ ವೇದಿಕೆ ಬೇಕು ಅನ್ನೋದು. ಟಿಕೆಟ್ ಕೊಂಡವನು ಮೇಲೂ ಅಲ್ಲ, ಆಡಿದವನು ಕೆಳಗೂ ಅಲ್ಲ. ಭಿಕ್ಷೆ ಅಂದರೆ ಜಗುಲಿ ಬೇಕೇ ಬೇಕು," ಅಂದರು. ತಳ್ಳಿಹಾಕುವ ಮಾತಲ್ಲ. 1985ರಲ್ಲಿ ವಾಷಿಂಗ್ಟನ್ನಿನಲ್ಲಿ ಭಾರತ ಉತ್ಸವ ನಡೆದಾಗ ಸ್ಮಿತ್‌ಸೋನಿಯನ್ ಸಂಸ್ಥೆಯ 'ಅದಿತಿ' ಪ್ರದರ್ಶನಕ್ಕೂ 'ಮೇಳ'ಕ್ಕೂ ರಾಜೀವ್ ಸೇಠಿಯವರು ದೆಹಲಿಯ ಬೀದಿ ಕಲಾವಿದರನ್ನು ಕರೆತಂದಿದ್ದರು. ತಮ್ಮ ಊರಿನಲ್ಲಿ ಅವರಿಗಿದ್ದ ಸ್ಥಾನವೇನು? ದೆಹಲಿಗೂ ವಿಸ್ತರಿಸಿದ್ದ 1959ರ ಬೊಂಬಾಯಿ ಭಿಕ್ಷಾಟನೆ ನಿಷೇಧ ಕಾಯಿದೆಯ ಪ್ರಕಾರ ಬೀದಿಯಲ್ಲಿ ಹಾಡಿ, ಕುಣಿದು ಕಾಸು ಕೇಳುವುದೂ ಭಿಕ್ಷಾಟನೆಯೇ, ಅಪರಾಧವೇ. ದೆಹಲಿ ಹೈಕೋರ್ಟು ಆ ಅಪರಾಧದ ಕಲಮುಗಳನ್ನು ರದ್ದುಮಾಡಿದ್ದು 2018ರಲ್ಲಿ. ಇತ್ತ ಅಮೆರಿಕಕ್ಕೆ ಬರಲು ಜಾನಪದ ಕಲಾವಿದನಿಗೆ ಪಿ-3 ವೀಸಾ ಬೇಕು. ಅದಕ್ಕೆ ಅವನ ಕಲೆ ಸಾಂಸ್ಕೃತಿಕವಾಗಿ ವಿಶಿಷ್ಟ ಎಂದು ಬಲ್ಲವರು ಬರೆದುಕೊಡಬೇಕು. ಒಂದೇ ಹಾಡು ಬೀದಿಯಲ್ಲಿ ಅಪರಾಧ, ಕಾನ್ಸುಲೇಟಿನಲ್ಲಿ ಅರ್ಹತೆ!

ಮಿತ್ರರ ವಾದ ಅರ್ಧಕ್ಕೆ ನಿಂತಿತೆಂದು ನಮಗನಿಸಿದ್ದು ಆಸ್ಟಿನ್ನಿನ ಸಭಾಂಗಣದಲ್ಲಿ. ಹನ್ನೆರಡು ನಿಮಿಷ, ಚಪ್ಪಾಳೆ, ಮುಂದಿನ ತಂಡ. ಟಿಕೆಟ್ಟು ನಮ್ಮನ್ನು ಏನೂ ಕೇಳುವುದಿಲ್ಲ. ಕೊಂಡೆವು, ನೋಡಿದೆವು, ಪಾರ್ಕಿಂಗ್ ಹುಡುಕಿಕೊಂಡು ಹೊರಟೆವು. ಆ ಸೋಮವಾರ ಹೊಸಿಲಿನಲ್ಲಿ ನಿಂತವರು ನಮ್ಮಿಂದ ಕೇಳಿದ್ದು ಅಕ್ಕಿಯನ್ನು ಮಾತ್ರವಲ್ಲ, ಅವರ ವ್ರತದಲ್ಲಿ ನಮಗೊಂದು ಪಾಲಿದೆ ಎಂಬುದನ್ನು. ನಾವು ಕೊಡದಿದ್ದರೆ ಅವರ ವ್ರತ ಮುರಿಯುತ್ತಿತ್ತು. ಅವರು ಬಾರದಿದ್ದರೆ ನಮ್ಮ ಕೈ ಏನೆಂದು ನಮಗೇ ತಿಳಿಯುತ್ತಿರಲಿಲ್ಲ. ಜಗುಲಿಯನ್ನು ಕೆಡವಿ ಭಿಕ್ಷೆಯನ್ನು ಉಳಿಸಿಕೊಳ್ಳಬಹುದೇ? ಅಥವಾ ಎರಡೂ ಒಂದೇ ಗೋಡೆಯ ಕಲ್ಲುಗಳೋ? ಮನೆಯಲ್ಲಿ ನಾವಿಬ್ಬರೂ ಇದನ್ನು ಎಷ್ಟೋ ಸಂಜೆ ಮಾತಾಡಿದ್ದೇವೆ. ಅಜ್ಜಿಯನ್ನು ದೂಷಿಸಿ ಮುಗಿಸುವುದು ಸುಲಭ. ಆದರೆ ಅಜ್ಜಿ ಟೆಕ್ಸಾಸ್ ನೋಡಿದವರೇ ಅಲ್ಲ.

ಹ್ಯೂಸ್ಟನ್ ವಿಮಾನ ನಿಲ್ದಾಣಕ್ಕೆ ನಾವೇ ಬಿಡಲು ಹೋಗಿದ್ದೆವು. ಹಿರಿಯರ ಪೆಟ್ಟಿಗೆ 23 ಕಿಲೋ ಮೀರಿತ್ತು. ಮೊಮ್ಮಕ್ಕಳಿಗೆಂದು ಕೊಂಡ ಚಾಕೊಲೇಟ್ ಡಬ್ಬಿ ತೆಗೆದು ನಮ್ಮ ಕೈಗಿತ್ತರು, ಕಂಬಳಿಯೊಂದನ್ನು ಹೊದ್ದುಕೊಂಡರು. ಕೆಳಗೆ ಬಟ್ಟೆಯ ಗಂಟೊಂದಿತ್ತು. ನಮ್ಮ ಸೋನಾ ಮಸೂರಿ. ಊರಿನಲ್ಲಿ ಅಕ್ಕಿ ಸಿಗುವುದಿಲ್ಲವೇ, ಇದನ್ನು ಬಿಡಿ ಅಂದೆವು. "ಬೆಟ್ಟುಕ್ಕೆ ಒಯ್ಯೋದು ಬುದ್ಧಿ ಅದು," ಎಂದು ಗಂಟನ್ನು ಕೈಚೀಲಕ್ಕೆ ಹಾಕಿಕೊಂಡರು. ಚಾಕೊಲೇಟನ್ನು ನಾವು ಅಂಚೆಯಲ್ಲಿ ಕಳಿಸಿದೆವು.

ಮುಂದೆ ಇಂಥ ತಂಡ ಬಂದರೆ ಕಲಾವಿದರನ್ನು ಹೋಟೆಲಿನಲ್ಲಿ ಇಳಿಸಬೇಕೋ ಮನೆಗಳಲ್ಲೋ ಎಂದು ಸಮಿತಿಯಲ್ಲಿ ಚರ್ಚೆ ನಡೆದಿದೆ. ನಮ್ಮ ಮನೆಯಲ್ಲಿ ನಾಲ್ವರಿಗೆ ಜಾಗವಿದೆ. ನಡುವೆ ಒಂದು ಸೋಮವಾರ ಬರುವಂತೆ ದಿನ ಹಾಕಿ ಎಂದು ಕೇಳಿಕೊಂಡಿದ್ದೇವೆ. ಊರಿನಿಂದ ಒಂದು ಮೊರವನ್ನೂ ತರಿಸಿಟ್ಟಿದ್ದೇವೆ.