ಪ್ರಸಾದದಲ್ಲಿ ಮರೆಮಾಡಿದ ಔಷಧ

ದೇಹಕ್ಕೆ ವ್ಯಾಧಿಯುಂಟಾದಾಗ ಗೃಹಸ್ಥನು ವೈದ್ಯನನ್ನು ಅರಸುತ್ತಾನೆ. ಮನಕ್ಕೆ ವ್ಯಾಧಿಯುಂಟಾದಾಗಲಾದರೋ ಅದನ್ನು ನೆರೆಹೊರೆಯವರಿಂದ ಮುಚ್ಚಿಡುವುದಕ್ಕೇ ಯತ್ನಿಸುತ್ತಾನೆ. ಮಕ್ಕಳ ವಿವಾಹಕ್ಕೆ ಅಡ್ಡಿಯಾದೀತೆಂಬ ಭಯ, ಪೂರ್ವಕರ್ಮದ ಫಲವೆಂಬ ಭ್ರಮೆ, ಗಾಳಿ ಸೋಕಿತೆಂಬ ಶಂಕೆ ಇವು ಸೇರಿ ರೋಗಿಯನ್ನು ಕತ್ತಲೆ ಕೋಣೆಗೆ ತಳ್ಳುತ್ತವೆ. ಲಿಂಗವಂತನಿಗೆ ಗ್ರಹಪೀಡೆಯಿಲ್ಲ, ಭೂತಭಯವಿಲ್ಲವೆಂದು ಶರಣರು ಸಾರಿದ ಧರ್ಮದಲ್ಲಿ ಹುಟ್ಟಿದವರೂ ಇದಕ್ಕೆ ಹೊರತಾಗಿಲ್ಲವೆಂಬುದು ವ್ಯಸನದ ಸಂಗತಿ.

ಇಲ್ಲಿ ಒಂದು ವಿವೇಚನೆ ಆವಶ್ಯಕ. ಶರಣರು ಮನದ ಚಾಂಚಲ್ಯವನ್ನು ಕುರಿತು ಬಹಳವಾಗಿ ನುಡಿದಿರುವರು. ಆದರೆ ಅದು ಸಾಧಕನು ತನ್ನ ಮನವನ್ನು ತಾನೇ ಪರೀಕ್ಷಿಸಿಕೊಳ್ಳುವುದಕ್ಕೆ ಹೇಳಿದ ಮಾತೇ ಹೊರತು ರೋಗಿಯನ್ನು ನಿಂದಿಸುವುದಕ್ಕೆ ಹೇಳಿದುದಲ್ಲ. ಇಲ್ಲದ ದನಿಯನ್ನು ಕೇಳುವವನಿಗೂ, ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಲಾರದವಳಿಗೂ ಮನೋನಿಗ್ರಹವನ್ನು ಬೋಧಿಸುವುದು ಕಾಲು ಮುರಿದವನಿಗೆ ನಡೆಯೆಂದು ಗದರಿಸಿದಂತೆಯೇ ಸರಿ.

ಈ ವ್ಯಾಧಿಗಳಿಗೆ ಚಿಕಿತ್ಸೆಯುಂಟು. 1952ರಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧವು ಬಳಕೆಗೆ ಬಂದಂದಿನಿಂದ ಮಾತ್ರೆಗಳಿಂದಲೇ ಅನೇಕರು ಚೇತರಿಸಿಕೊಂಡು ಮನೆಯಲ್ಲಿ ಬಾಳುವುದು ಸಾಧ್ಯವಾಯಿತು. ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆಯುಂಟು. ತೀವ್ರ ಖಿನ್ನತೆ ಮುಂತಾದವುಗಳಿಗೆ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆಯುಂಟು. ಗುಣಮುಖನಾದವನಿಗೆ ಕೈಗೆಲಸವನ್ನು ಕಲಿಸುವ ಪುನರ್ವಸತಿಯುಂಟು. ಕಾಯಕದ ಮಹಿಮೆಯನ್ನು ಅರಿತವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಈ ಸೇವೆ ದೊರೆಯುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಉಚಿತವಾಗಿ ಸಲಹೆಯನ್ನು ಪಡೆಯಬಹುದು.

ಇಷ್ಟಾದರೂ ಒಂದು ಕಠಿಣ ಪ್ರಶ್ನೆ ಉಳಿಯುತ್ತದೆ. ರೋಗಿಯೇ ಔಷಧವನ್ನು ನಿರಾಕರಿಸಿದರೆ ಮಾಡತಕ್ಕದ್ದೇನು? ತನಗೆ ರೋಗವಿದೆಯೆಂಬ ಅರಿವನ್ನೇ ಅಪಹರಿಸುವುದು ಕೆಲವು ಮನೋವ್ಯಾಧಿಗಳ ಲಕ್ಷಣ. ಆಗ ಎಷ್ಟೋ ಮನೆಗಳಲ್ಲಿ ತಾಯಿಯು ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿಯೋ ಮಜ್ಜಿಗೆಯಲ್ಲಿಯೋ ಬೆರೆಸಿ ಮಗನಿಗೆ ಬಡಿಸುತ್ತಾಳೆ. ಮಗನು ಶಾಂತನಾಗುತ್ತಾನೆ, ಮನೆಯಲ್ಲಿ ನಿದ್ರೆ ಸಾಧ್ಯವಾಗುತ್ತದೆ. ಇದು ಧರ್ಮವೋ, ಅಧರ್ಮವೋ?

ತಾಯಿಯ ಪಕ್ಷದಲ್ಲಿ ಹೇಳಬೇಕಾದುದು ಬಹಳವಿದೆ. ಅವಳ ಉದ್ದೇಶ ಶುದ್ಧವಾದುದು. ಇನ್ನೊಂದು ದಾರಿಯನ್ನು ಅವಳಿಗೆ ಯಾರೂ ತೋರಿಸಿರುವುದಿಲ್ಲ. ಸರಪಳಿಗಿಂತ ಮಜ್ಜಿಗೆ ಮೇಲೆಂಬುದೂ ನಿಜ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಆಶ್ರಯಶಾಲೆಯೊಂದಕ್ಕೆ ಬೆಂಕಿ ಹತ್ತಿದಾಗ ಸರಪಳಿ ಬಿಗಿಸಿಕೊಂಡಿದ್ದ ರೋಗಿಗಳು ಓಡಲಾರದೆ, 28 ಮಂದಿ ಪ್ರಾಣ ಕಳೆದುಕೊಂಡರು. ಆದುದರಿಂದ ಆ ತಾಯಿಯನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ.

ಆದರೂ ಆ ಕ್ರಿಯೆಯನ್ನು ಶರಣಧರ್ಮದ ಬೆಳಕಿನಲ್ಲಿ ನೋಡಬೇಕು. ಭಕ್ತನು ಉಣ್ಣುವುದು ಬರಿಯ ಅನ್ನವನ್ನಲ್ಲ. ಲಿಂಗಕ್ಕೆ ಅರ್ಪಿಸಿದ ಪ್ರಸಾದವನ್ನು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲಕ್ಕೆ ಅವಧಾನ ಭಕ್ತಿಯನ್ನು ಹೇಳಿದೆ. ತಾನು ಅರ್ಪಿಸುವುದೇನೆಂಬುದನ್ನು ಎಚ್ಚರದಿಂದ ಅರಿತು ಅರ್ಪಿಸುವುದೇ ಆ ಅವಧಾನ. ತಟ್ಟೆಯಲ್ಲಿರುವುದೇನೆಂದು ಅರಿಯದವನ ಅವಧಾನವನ್ನು ಬೇರೊಬ್ಬರು ಕಸಿದುಕೊಂಡಂತಾಗುತ್ತದೆ. ರೋಗಿಯೂ ಲಿಂಗವಂತನೇ, ಬುದ್ಧಿ ಕದಡಿದ ಮಾತ್ರಕ್ಕೆ ಅವನ ಎದೆಯ ಮೇಲಿನ ಲಿಂಗವು ಅವನನ್ನು ತೊರೆಯುವುದಿಲ್ಲ.

ಲೌಕಿಕ ದೃಷ್ಟಿಯಿಂದಲೂ ಕೇಡುಂಟು. ಅನ್ನದಲ್ಲಿ ಮದ್ದು ಇಕ್ಕಿರುವರೆಂಬ ಭಯವು ಕನ್ನಡನಾಡಿನ ಹಳ್ಳಿಗಳಲ್ಲಿ ಹಳೆಯದು. ಮನೋರೋಗಿಯ ಶಂಕೆಯೂ ಅನೇಕ ವೇಳೆ ಇದೇ ಆಗಿರುತ್ತದೆ. ಅದು ಭ್ರಮೆಯೆಂದು ಮನೆಯವರು ದಿನವೂ ಸಮಾಧಾನ ಹೇಳುತ್ತ, ದಿನವೂ ಮದ್ದನ್ನು ಬೆರೆಸಿದರೆ ಅವನ ಭ್ರಮೆಯನ್ನು ತಾವೇ ಸತ್ಯವನ್ನಾಗಿ ಮಾಡಿದಂತಾಯಿತು. ಒಂದು ದಿನ ತಟ್ಟೆಯ ತಳದಲ್ಲಿ ಮಾತ್ರೆಯ ಚೂರನ್ನು ಕಂಡವನು ಆಮೇಲೆ ತಾಯಿಯ ಕೈಯ ಅನ್ನವನ್ನು ಉಣ್ಣುವನೇ? ಇದಲ್ಲದೆ ಈ ಔಷಧಗಳಲ್ಲಿ ಕೆಲವು ಕೈನಡುಕ, ಮೈಬಿಗಿತಗಳನ್ನು ತರುತ್ತವೆ. ಲಿಥಿಯಂನಂತಹುದಕ್ಕೆ ರಕ್ತಪರೀಕ್ಷೆ ಬೇಕು. ದೇಹದಲ್ಲಿ ನೀರು ಕಡಿಮೆಯಾದರೆ ಅದು ವಿಷವಾಗಬಹುದು. ತಾನು ಸೇವಿಸುತ್ತಿರುವುದೇನೆಂದು ತಿಳಿಯದವನು ತನ್ನ ಬಾಧೆಯನ್ನು ವೈದ್ಯನಿಗೆ ಹೇಗೆ ತಿಳಿಸಿಯಾನು?

ಹಾಗಾದರೆ ಉಪಾಯವೇನು? ಮೊದಲನೆಯದಾಗಿ ಔಷಧದ ಮಾತಿಗಿಂತ ಮುಂಚೆ ರೋಗಿಯ ಸಂಕಟವನ್ನು ಕೇಳಬೇಕು. ರೋಗವನ್ನು ಒಪ್ಪದವನೂ ನಿದ್ರೆಯಿಲ್ಲದಿರುವುದನ್ನು ಒಪ್ಪಿಯಾನು. ಅಲ್ಲಿಂದ ವೈದ್ಯನ ಬಳಿಗೆ ದಾರಿ ತೆರೆಯುತ್ತದೆ. ಎರಡನೆಯದಾಗಿ ದಿನವೂ ಮಾತ್ರೆ ನುಂಗಲಾರದವನಿಗೆ, ಅವನು ಒಪ್ಪಿದರೆ, ಕೆಲವು ವಾರಗಳಿಗೊಮ್ಮೆ ಕೊಡುವ ಸೂಜಿಮದ್ದುಗಳುಂಟು. ಮೂರನೆಯದಾಗಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಪಳಿಯನ್ನು ನಿಷೇಧಿಸಿದೆಯಲ್ಲದೆ, ಸ್ವಸ್ಥನಾಗಿರುವಾಗಲೇ ತನಗೆ ಬೇಕಾದ ಚಿಕಿತ್ಸೆಯನ್ನು ಬರೆದಿಡುವುದಕ್ಕೂ, ತನ್ನ ಪರವಾಗಿ ನುಡಿಯುವ ಪ್ರತಿನಿಧಿಯನ್ನು ನೇಮಿಸಿಕೊಳ್ಳುವುದಕ್ಕೂ ಅವಕಾಶವಿತ್ತಿದೆ. ರೋಗಿಯಿಂದ ತನಗಾಗಲಿ ಪರರಿಗಾಗಲಿ ಪ್ರಾಣಾಪಾಯ ಒದಗಿದಾಗ, ಪ್ರತಿನಿಧಿ ಸಿಕ್ಕುವಂತಿದ್ದರೆ ಅವನ ಸಮ್ಮತಿ ಪಡೆದು, ಯಾವ ನೋಂದಾಯಿತ ವೈದ್ಯನೂ ತುರ್ತು ಚಿಕಿತ್ಸೆ ಮಾಡಬಹುದು. ಅದಕ್ಕೆ 72 ಗಂಟೆಗಳ ಮಿತಿಯಿದೆ. ಒಪ್ಪಿಗೆಯಿಲ್ಲದ ಚಿಕಿತ್ಸೆಯು ಅನಿವಾರ್ಯವಾದಾಗಲೂ ಅದು ಹಗಲಿನಲ್ಲಿ, ಹೇಳಿ, ಮಿತಿಯೊಳಗೆ ನಡೆಯತಕ್ಕದ್ದು. ಬಲವಂತಕ್ಕಿಂತಲೂ ವಂಚನೆಯು ಮೃದುವಾಗಿ ತೋರಬಹುದು. ಆದರೆ ಬಲವಂತವು ಕಣ್ಣಿಗೆ ಕಾಣುವುದರಿಂದ ಅದನ್ನು ಪ್ರಶ್ನಿಸಲು ಬರುತ್ತದೆ. ವಂಚನೆಯನ್ನು ಪ್ರಶ್ನಿಸುವವರೇ ಇರುವುದಿಲ್ಲ.

ಈಗಾಗಲೇ ಬೆರೆಸುತ್ತಿರುವವರು ಏಕಾಏಕಿ ನಿಲ್ಲಿಸಬಾರದು, ರೋಗವು ಮರುಕಳಿಸೀತು. ವೈದ್ಯನಿಗೆ ನಿಜವನ್ನು ತಿಳಿಸಿ, ಅವನ ನೆರವಿನಿಂದಲೇ ರೋಗಿಗೆ ಕ್ರಮೇಣ ತಿಳಿಯಪಡಿಸುವುದು ಕ್ಷೇಮಕರ. ಆ ಘಳಿಗೆಯು ಸುಲಭವಾಗಿರುವುದಿಲ್ಲ. ಮಗನು ಕೋಪಿಸಿಕೊಳ್ಳಬಹುದು, ಕೆಲವು ದಿನ ಉಣ್ಣದಿರಬಹುದು.

ದಯೆಯನ್ನು ಧರ್ಮದ ಬೇರೆಂದು ಬೋಧಿಸಿದ ಶರಣರೇ ಸತ್ಯವನ್ನೂ ಬೋಧಿಸಿದರು. ಇವೆರಡೂ ಒಂದೇ ತಟ್ಟೆಯಲ್ಲಿ ಬಡಿಸಲ್ಪಡಬೇಕು. ಅನ್ನವನ್ನು ಅನ್ನವೆಂದೂ ಔಷಧವನ್ನು ಔಷಧವೆಂದೂ ಹೇಳಿ ಕೈಗಿಡುವ ಧೈರ್ಯವು ರೋಗಿಗಳಿರುವ ಮನೆಗಳ ಸದ್ಭಕ್ತರಿಗೆ ಉಂಟಾಗಲಿ; ಆ ಮನೆಗಳನ್ನು ದೂರವಿಡದೆ ಬಳಿಗೆ ಹೋಗುವ ಮನಸ್ಸು ನೆರೆಹೊರೆಯವರಿಗೂ ಉಂಟಾಗಲಿ.